ಅಳಿಸಿದ ಮೇಲ್ ಎಲ್ಲಿಗೆ ಹೋಗುತ್ತದೆ?

ಮೊಬೈಲ್‌ನಲ್ಲಿ ಒಂದು ಮೇಲ್ ಡಿಲೀಟ್ ಮಾಡಿದರೆ ಅದು ಕಚೇರಿಯ ಕಂಪ್ಯೂಟರ್‌ನಲ್ಲೂ ಹೋಗಿಬಿಡುತ್ತದೆಯೇ? ಈ ವರ್ಷ ಲ್ಯಾಬ್‌ನಲ್ಲಿ ನನಗೆ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಇದು. ದ್ವಿತೀಯ ಪಿಯುಸಿಯ ಮಕ್ಕಳು ಕೇಳಿದರು, ಇತಿಹಾಸದ ಉಪನ್ಯಾಸಕರು ಕೇಳಿದರು, ಕಚೇರಿಯವರೂ ಕೇಳಿದರು. ಒಬ್ಬರ ಅನುಭವದಲ್ಲಿ ಎರಡೂ ಕಡೆ ಹೋಗಿದೆ. ಇನ್ನೊಬ್ಬರ ಅನುಭವದಲ್ಲಿ ಒಂದು ಕಡೆ ಹೋಗಿ ಇನ್ನೊಂದು ಕಡೆ ಉಳಿದಿದೆ. ಮತ್ತೊಬ್ಬರದು ಇನ್ನೂ ವಿಚಿತ್ರ: ಅಳಿಸಿದ್ದು ಮರುದಿನ ವಾಪಸ್ ಬಂದಿದೆ. ಮೂವರೂ ಹೇಳುತ್ತಿರುವುದು ನಿಜವೇ. ನಿಮ್ಮ ಫೋನ್ ಅಥವಾ ಕಂಪ್ಯೂಟರ್ ಮೇಲ್ ಸರ್ವರ್ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನೆಟ್‌ವರ್ಕಿಂಗ್ ಅಧ್ಯಾಯ ಓದಿದವರಿಗೆ ಪ್ರೋಟೊಕಾಲ್ ಎಂಬ ಪದ ಗೊತ್ತು. ಎರಡು ಯಂತ್ರಗಳು ಮಾತನಾಡುವಾಗ ಯಾರು ಮೊದಲು ಏನು ಹೇಳಬೇಕು, ಅದಕ್ಕೆ ಏನು ಉತ್ತರ ಕೊಡಬೇಕು ಎಂಬ ಒಪ್ಪಂದ ಅದು. ಮೇಲ್ ಕಳಿಸಲು ಒಂದು ಒಪ್ಪಂದವಿದೆ, ಅದರ ಹೆಸರು ಎಸ್‌ಎಂಟಿಪಿ. ಸರ್ವರ್‌ನಲ್ಲಿ ಬಂದು ಕೂತಿರುವ ಮೇಲ್ ಓದಲು ಮುಖ್ಯವಾಗಿ ಎರಡಿವೆ: ಪಾಪ್ ಮತ್ತು ಐಮ್ಯಾಪ್. ಅಳಿಸುವ ವಿಷಯದಲ್ಲಿ ಇವೆರಡರ ಸ್ವಭಾವ ಪೂರಾ ಬೇರೆ.

ಇದು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಮಾತ್ರ ಅಲ್ಲ ಎಂದು ನಮಗೆ ಗೊತ್ತಾದದ್ದು ಕಳೆದ ವರ್ಷ. ಒಬ್ಬ ವಿದ್ಯಾರ್ಥಿನಿ ಖಾಸಗಿ ಟ್ರಸ್ಟ್ ಒಂದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಅವಳ ಅಬ್ಬಾ ಲಾರಿಗೆ ಬಾಳೆಗೊನೆ ತುಂಬುವ ಕೆಲಸದವರು. ಮೊತ್ತ ಅವರಿಗೆ ದೊಡ್ಡದು. ಅವಳು ನಮ್ಮಲ್ಲೇ ಓದುತ್ತಿದ್ದಾಳೆ ಎಂದು ಕಾಲೇಜು ಐದು ದಿನದೊಳಗೆ ಮೇಲ್ ಮೂಲಕವೇ ದೃಢಪಡಿಸಬೇಕಿತ್ತು. ಟ್ರಸ್ಟ್‌ನವರು "ಮೇಲ್ ಕಳಿಸಿದ್ದೇವೆ" ಎನ್ನುತ್ತಾರೆ. ಪ್ರಾಂಶುಪಾಲರ ಫೋನ್‌ನಲ್ಲಿ ಮೇಲ್ ಇಲ್ಲ. ಸ್ಪ್ಯಾಮ್‌ನಲ್ಲಿ ಇಲ್ಲ, ಟ್ರ್ಯಾಶ್‌ನಲ್ಲೂ ಇಲ್ಲ. "ಅವ್ರು ಕಳ್ಸಿದ್ದೀವಿ ಅಂತಾರ, ನೀವು ಬಂದಿಲ್ಲ ಅಂತೀರ. ನಾ ಯಾರ ಮಾತ ನಂಬಾದು ಸಾರ್?" ಎಂದು ಅವಳ ಅಬ್ಬಾ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಮೇಲ್ ಬಂದಿತ್ತು. ಕಚೇರಿಯ ಮೂಲೆಯಲ್ಲಿ ಅಂಕಪಟ್ಟಿ ಪ್ರಿಂಟ್ ತೆಗೆಯಲು ಇಟ್ಟ ಹಳೆಯ ಕಂಪ್ಯೂಟರ್‌ನಲ್ಲಿ ಒಂದು ಮೇಲ್ ಪ್ರೋಗ್ರಾಂ ಯಾವಾಗಲೋ ಹಾಕಿಸಿದ್ದು ಹಾಗೆಯೇ ಓಡುತ್ತಿತ್ತು. ಅದು ಹತ್ತು ನಿಮಿಷಕ್ಕೊಮ್ಮೆ ಪಾಪ್ ಮೂಲಕ ಸರ್ವರ್‌ಗೆ ಹೋಗಿ, ಇದ್ದದ್ದನ್ನೆಲ್ಲ ಬಾಚಿ ತಂದು, ಸರ್ವರ್‌ನಲ್ಲಿ ಪ್ರತಿ ಉಳಿಸದೆ ಬರುತ್ತಿತ್ತು. ಆ ಕಂಪ್ಯೂಟರ್ ನೋಡಿಕೊಳ್ಳುವ ಗುಮಾಸ್ತರು ತಂಗಿಯ ಮದುವೆಗೆ ರಜೆಯಲ್ಲಿದ್ದರು. ಅವರು ಇಲ್ಲದಾಗ ಬೇರೆಯವರು ಪ್ರಿಂಟ್‌ಗೆಂದು ಯಂತ್ರ ಆನ್ ಮಾಡಿದರು, ಪ್ರೋಗ್ರಾಂ ತನ್ನ ಪಾಡಿಗೆ ತಾನು ಮೇಲ್ ಎಳೆದುಕೊಂಡಿತು. ಫೋನ್ ನೋಡುತ್ತಿದ್ದುದು ಸರ್ವರ್‌ನಲ್ಲಿ ಏನಿದೆ ಎಂದು. ಸರ್ವರ್ ಖಾಲಿ. ಯಾರೂ ಡಿಲೀಟ್ ಗುಂಡಿ ಒತ್ತಿರಲಿಲ್ಲ. ಆದರೂ ಮೇಲ್ ಅಳಿಸಿಹೋಗಿತ್ತು. ಕೊನೆಯ ದಿನ ಮಧ್ಯಾಹ್ನ ನಮ್ಮ ಉತ್ತರ ಹೊರಟಿತು.

ಆ ಪ್ರೋಗ್ರಾಂ ಮಾಡಿದ್ದು ಅದಕ್ಕೆ ಹೇಳಿಕೊಟ್ಟ ಕೆಲಸವನ್ನೇ. ಪಾಪ್ ಎಂದರೆ ಪೋಸ್ಟ್ ಆಫೀಸ್ ಪ್ರೋಟೊಕಾಲ್. ಹೆಸರೇ ಹೇಳುವಂತೆ ಇದು ಅಂಚೆ ಕಚೇರಿಗೆ ಹೋಗಿ ನಮ್ಮ ಹೆಸರಿನ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಬರುವ ಕ್ರಮ. ಇದರ ಮೊದಲ ರೂಪ 1984ರದು, ಮೂರನೆಯ ರೂಪ 1988ರದು. ಈಗಲೂ ಆಧಾರವಾಗಿರುವ ನಿಯಮಾವಳಿಯನ್ನು ಜಾನ್ ಮೈಯರ್ಸ್ ಮತ್ತು ಮಾರ್ಷಲ್ ರೋಸ್ 1996ರಲ್ಲಿ ಬರೆದರು. ಅದರ ಸಂಖ್ಯೆ ಆರ್‌ಎಫ್‌ಸಿ 1939. ಆ ಕಾಲ ನೆನಪಿಸಿಕೊಳ್ಳಿ, ಅಥವಾ ನಿಮ್ಮ ಮನೆಯ ಹಿರಿಯರನ್ನು ಕೇಳಿ. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವೇ ಸಂಸ್ಥೆಗಳಿಗೆ ಅರ್ನೆಟ್ ಎಂಬ ಜಾಲದ ಮೂಲಕ ಸಂಪರ್ಕವಿತ್ತು. ಟೆಲಿಫೋನ್ ತಂತಿಯಲ್ಲಿ ಡಯಲ್ ಮಾಡಿ ಸಂಪರ್ಕ ಪಡೆಯಬೇಕು, ಸಮಯ ಓಡಿದಷ್ಟೂ ದುಡ್ಡು. ಸರ್ವರ್‌ನಲ್ಲಿ ಜಾಗವೂ ಕಡಿಮೆ. ಅಂಥ ಹೊತ್ತಿನಲ್ಲಿ ಬೇಗ ಹೋಗು, ತುಂಬಿಕೊ, ಸರ್ವರ್ ಖಾಲಿ ಮಾಡು, ಫೋನ್ ಇಡು ಎನ್ನುವುದೇ ಜಾಣತನ. ಒಬ್ಬರಿಗೆ ಒಂದೇ ಕಂಪ್ಯೂಟರ್ ಇದ್ದ ಕಾಲಕ್ಕೆ ಸರಿಯಾದ ವ್ಯವಸ್ಥೆ ಅದು. ಒಂದೇ ಖಾತೆಯನ್ನು ಕಚೇರಿಯ ಎರಡು ಕಂಪ್ಯೂಟರ್ ಮತ್ತು ಮೂರು ಫೋನ್‌ಗಳು ನೋಡುವ ಕಾಲಕ್ಕಲ್ಲ.

ಪಾಪ್‌ನಲ್ಲಿ ಅಳಿಸುವುದು ನಡೆಯುವ ರೀತಿ ಸ್ವಾರಸ್ಯವಾಗಿದೆ. ಲ್ಯಾಬ್‌ನಲ್ಲಿ ನಾವು ಒಂದು ಲಿನಕ್ಸ್ ಯಂತ್ರದ ಮೇಲೆ ಡವ್‌ಕಾಟ್ ಎಂಬ ಉಚಿತ ಸರ್ವರ್ ಹಾಕಿ, ಕೈಯಲ್ಲೇ ಆಜ್ಞೆಗಳನ್ನು ಟೈಪ್ ಮಾಡಿ ನೋಡಿದೆವು. ಮೊದಲು ಹೆಸರು, ಪಾಸ್‌ವರ್ಡ್. ಬಾಗಿಲು ತೆರೆಯುತ್ತದೆ. "ಸ್ಟ್ಯಾಟ್" ಎಂದರೆ ಎಷ್ಟು ಮೇಲ್ ಇವೆ ಎಂದು ಹೇಳುತ್ತದೆ. "ರೆಟ್ರ್ 1" ಎಂದರೆ ಮೊದಲನೆಯದನ್ನು ಪೂರ್ತಿ ಕಳಿಸುತ್ತದೆ. ಕಳಿಸಿದ ಮಾತ್ರಕ್ಕೆ ಅಳಿಸುವುದಿಲ್ಲ. ಅಳಿಸಬೇಕಾದರೆ "ಡೆಲೆ 1" ಎಂದು ಬೇರೆಯಾಗಿ ಹೇಳಬೇಕು. ಹೇಳಿದ ಮೇಲೂ ಸರ್ವರ್ ಆ ಮೇಲ್ ಮೇಲೆ ಒಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ನಿಜವಾಗಿ ಅಳಿಯುವುದು ನೀವು "ಕ್ವಿಟ್" ಎಂದು ಹೇಳಿ ಮರ್ಯಾದೆಯಾಗಿ ಹೊರಟಾಗ. ಅದಕ್ಕೂ ಮೊದಲು ಮನಸ್ಸು ಬದಲಾದರೆ "ಆರ್‌ಸೆಟ್" ಎಂದರೆ ಸಾಕು, ಎಲ್ಲ ಗುರುತುಗಳೂ ಹೋಗುತ್ತವೆ.

ನಡುವೆ ಸಂಪರ್ಕ ಕಡಿದರೆ? ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನೊಳಗೆ ಊಟಿ ಬಸ್‌ನಲ್ಲಿ ಹೋದವರಿಗೆ ಸಿಗ್ನಲ್ ಹೇಗೆ ಕೈಕೊಡುತ್ತದೆ ಎಂದು ಗೊತ್ತು. ಇಪ್ಪತ್ತು ಮೇಲ್ ಇಳಿಸಿಕೊಂಡು, ಇಪ್ಪತ್ತಕ್ಕೂ "ಡೆಲೆ" ಹೇಳಿ, "ಕ್ವಿಟ್" ಹೇಳುವ ಮೊದಲೇ ಸಿಗ್ನಲ್ ಹೋಯಿತು ಎನ್ನಿ. ನಿಯಮದ ಪ್ರಕಾರ ಸರ್ವರ್ ಒಂದನ್ನೂ ಅಳಿಸಕೂಡದು. ಮುಂದಿನ ಸಲ ಅದೇ ಇಪ್ಪತ್ತು ಮತ್ತೆ ಬರುತ್ತವೆ. ಅಳಿಸಿದ್ದು ಮರುದಿನ ವಾಪಸ್ ಬಂತು ಎಂದವರ ಒಗಟಿಗೆ ಇದೂ ಒಂದು ಉತ್ತರ. ಒಂದು ಮೇಲ್ ಎರಡು ಸಲ ಬಂದರೆ ಕಿರಿಕಿರಿ, ಒಂದು ಸಲವೂ ಬರದಿದ್ದರೆ ನಷ್ಟ. ಬರೆದವರು ಕಿರಿಕಿರಿಯನ್ನೇ ಆರಿಸಿಕೊಂಡಿದ್ದಾರೆ. ನನಗೆ ಇದು ಬಹಳ ಹಿಡಿಸಿದ ನಿಯಮ.

"ಸರ್ವರ್‌ನಲ್ಲಿ ಒಂದು ಪ್ರತಿ ಉಳಿಸು" ಎಂಬ ಆಯ್ಕೆ ಈಗಿನ ಎಲ್ಲ ಪ್ರೋಗ್ರಾಂಗಳಲ್ಲೂ ಇದೆ. ಅದನ್ನು ಹಾಕಿದರೆ ಪ್ರೋಗ್ರಾಂ "ಡೆಲೆ" ಹೇಳುವುದೇ ಇಲ್ಲ. ಹಾಗಾದರೆ ನಿನ್ನೆ ಇಳಿಸಿದ್ದನ್ನು ಇಂದು ಮತ್ತೆ ಇಳಿಸದಿರುವುದು ಹೇಗೆ? "ಯುಐಡಿಎಲ್" ಎಂಬ ಆಜ್ಞೆಗೆ ಸರ್ವರ್ ಪ್ರತಿ ಮೇಲ್‌ಗೂ ಒಂದು ಶಾಶ್ವತ ಗುರುತಿನ ಸಂಖ್ಯೆ ಕೊಡುತ್ತದೆ. ಪ್ರೋಗ್ರಾಂ ಆ ಪಟ್ಟಿಯನ್ನು ತನ್ನ ಬಳಿ ಬರೆದಿಟ್ಟುಕೊಂಡು, ಹೊಸತನ್ನು ಮಾತ್ರ ತರುತ್ತದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದಾಗ ಆ ಪಟ್ಟಿ ಹೋಗುತ್ತದೆ, ಆಗ ಸರ್ವರ್‌ನಲ್ಲಿದ್ದ ಹಳೆಯದೆಲ್ಲ ಮತ್ತೆ ಸುರಿಯುತ್ತದೆ.

ಐಮ್ಯಾಪ್‌ನ ದಾರಿ ಬೇರೆ. ಇದನ್ನು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಆರಂಭಿಸಿದರು. ಬಹುಕಾಲ ಬಳಕೆಯಲ್ಲಿದ್ದ ರೂಪ 2003ರದು, ಇತ್ತೀಚಿನ ಪರಿಷ್ಕರಣೆ 2021ರದು. ಇಲ್ಲಿ ಕಾಗದ ಮನೆಗೆ ಬರುವುದಿಲ್ಲ. ಅದು ಅಂಚೆ ಕಚೇರಿಯ ನಿಮ್ಮ ಪೆಟ್ಟಿಗೆಯಲ್ಲೇ ಇರುತ್ತದೆ, ನೀವು ಅಲ್ಲಿಗೇ ಹೋಗಿ ಓದುತ್ತೀರಿ. ಫೋನ್‌ನಲ್ಲಿ ಕಾಣುವುದು ಸರ್ವರ್‌ನಲ್ಲಿರುವುದರ ನೆರಳು. ಓದಿದೆ, ಉತ್ತರಿಸಿದೆ ಎಂಬ ಗುರುತುಗಳೂ ಸರ್ವರ್‌ನಲ್ಲೇ ಇರುವುದರಿಂದ ಫೋನ್‌ನಲ್ಲಿ ಓದಿದ್ದು ಕಂಪ್ಯೂಟರ್‌ನಲ್ಲೂ ಓದಿದಂತೆ ಕಾಣುತ್ತದೆ. ಪಾಪ್‌ನಲ್ಲಿ ಒಬ್ಬರು ಒಳಗಿದ್ದಾಗ ಸರ್ವರ್ ಪೆಟ್ಟಿಗೆಗೆ ಬೀಗ ಹಾಕಿ ಇನ್ನೊಬ್ಬರನ್ನು ಹೊರಗೆ ನಿಲ್ಲಿಸುತ್ತದೆ. ಐಮ್ಯಾಪ್‌ನಲ್ಲಿ ಹಲವರು ಒಟ್ಟಿಗೇ ಒಳಗಿರಬಹುದು.

ಅಳಿಸುವುದು ಇಲ್ಲಿಯೂ ಎರಡು ಹಂತ. ಮೊದಲು ಮೇಲ್ ಮೇಲೆ "ಡಿಲೀಟೆಡ್" ಎಂಬ ಬಾವುಟ ನೆಡುವುದು. ಆಮೇಲೆ "ಎಕ್ಸ್‌ಪಂಜ್" ಎಂಬ ಆಜ್ಞೆ, ಅಂದರೆ ಬಾವುಟ ನೆಟ್ಟಿದ್ದನ್ನೆಲ್ಲ ಕಿತ್ತು ಹಾಕು. ಹಾಜರಿ ಪುಸ್ತಕದಲ್ಲಿ ಕಾಲೇಜು ಬಿಟ್ಟವರ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವುದು ಮೊದಲ ಹಂತ, ಆ ಹೆಸರುಗಳನ್ನು ಬಿಟ್ಟು ಹೊಸ ಪುಸ್ತಕ ಬರೆಯುವುದು ಎರಡನೆಯದು. ಪಾಪ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ: ಐಮ್ಯಾಪ್‌ನಲ್ಲಿ ಸಂಪರ್ಕ ಕಡಿದರೂ ಗೆರೆ ಹಾಗೆಯೇ ಇರುತ್ತದೆ. ನಾಳೆ ಬೇರೆ ಯಂತ್ರದಿಂದ ನೋಡಿದರೂ ಇರುತ್ತದೆ, ಯಾರಾದರೂ ಗೆರೆ ಅಳಿಸಿ ಮೇಲ್ ಉಳಿಸಿಕೊಳ್ಳಲೂಬಹುದು. "ಲಾಗೌಟ್" ಹೇಳಿ ಹೊರಟರೆ ಏನೂ ಅಳಿಯುವುದಿಲ್ಲ. ಆದರೆ ಒಂದು ಫೋಲ್ಡರ್‌ನಿಂದ "ಕ್ಲೋಸ್" ಹೇಳಿ ಹೊರಬಂದರೆ ಗೆರೆ ಬಿದ್ದದ್ದೆಲ್ಲ ಸದ್ದಿಲ್ಲದೆ ಅಳಿಯುತ್ತದೆ. ಮೊದಲ ಸಲ ಇದನ್ನು ಓದಿದಾಗ ಇದೆಂಥ ನಿಯಮ ಎನಿಸಿತು, ಈಗಲೂ ಹಾಗೆಯೇ ಅನಿಸುತ್ತದೆ.

ಇನ್ನೂ ಒಂದು ಅಪಾಯ. ಬರಿಯ "ಎಕ್ಸ್‌ಪಂಜ್" ಯಾರು ಗೆರೆ ಎಳೆದರು ಎಂದು ಕೇಳುವುದಿಲ್ಲ. ಗುಮಾಸ್ತರು ಕಂಪ್ಯೂಟರ್‌ನಲ್ಲಿ ಐದು ಮೇಲ್‌ಗಳಿಗೆ ಗೆರೆ ಎಳೆದು, ಆಮೇಲೆ ಇನ್ನೊಮ್ಮೆ ನೋಡಿ ತೀರ್ಮಾನಿಸೋಣ ಎಂದು ಬಿಟ್ಟಿದ್ದಾರೆ ಎನ್ನಿ. ಅಷ್ಟರಲ್ಲಿ ಪ್ರಾಂಶುಪಾಲರ ಫೋನ್ ಒಂದೇ ಒಂದು ಜಾಹೀರಾತು ಮೇಲ್ ಅಳಿಸಿ "ಎಕ್ಸ್‌ಪಂಜ್" ಹೇಳಿದರೆ ಆರೂ ಹೋಗುತ್ತವೆ. ಇದನ್ನು ತಪ್ಪಿಸಲು ಇಂಥ ಮೇಲ್‌ಗಳನ್ನು ಮಾತ್ರ ಕೀಳು ಎನ್ನುವ "ಯುಐಡಿ ಎಕ್ಸ್‌ಪಂಜ್" ಎಂಬ ಆಜ್ಞೆಯನ್ನು ಮುಂದೆ ಸೇರಿಸಿದರು.

ಯುಐಡಿ ಏಕೆ ಬೇಕಾಯಿತು ಎಂಬುದು ಗಣಿತ ಇಷ್ಟವಿರುವವರಿಗೆ ಒಳ್ಳೆಯ ಲೆಕ್ಕ. ಐಮ್ಯಾಪ್‌ನಲ್ಲಿ ಪ್ರತಿ ಮೇಲ್‌ಗೂ ಎರಡು ಸಂಖ್ಯೆ. ಒಂದು ತರಗತಿಯ ರೋಲ್ ನಂಬರ್ ಇದ್ದಂತೆ, ಇನ್ನೊಂದು ದಾಖಲಾತಿ ಪುಸ್ತಕದ ನಂಬರ್ ಇದ್ದಂತೆ. ಮಧ್ಯದವರೊಬ್ಬರು ಟಿಸಿ ತೆಗೆದುಕೊಂಡು ಹೋದಾಗ ರೋಲ್ ನಂಬರ್‌ಗಳನ್ನು ಮತ್ತೆ ಬರೆದರೆ ಹಿಂದಿನವರೆಲ್ಲ ಒಂದೊಂದು ಮುಂದೆ ಬರುತ್ತಾರೆ. ದಾಖಲಾತಿ ನಂಬರ್ ಮಾತ್ರ ಬದಲಾಗುವುದಿಲ್ಲ, ಬಿಟ್ಟು ಹೋದವರ ನಂಬರ್ ಬೇರೆಯವರಿಗೆ ಸಿಗುವುದೂ ಇಲ್ಲ. ಈಗ 2, 3 ಮತ್ತು 6ನೇ ಮೇಲ್‌ಗಳಿಗೆ ಗೆರೆ ಬಿದ್ದಿದೆ. "ಎಕ್ಸ್‌ಪಂಜ್" ಎಂದಾಗ ಸರ್ವರ್ ಚಿಕ್ಕ ಸಂಖ್ಯೆಯಿಂದ ಶುರು ಮಾಡಿದರೆ ಫೋನ್‌ಗೆ ಕಳಿಸುವ ಸುದ್ದಿ "2 ಹೋಯಿತು, 2 ಹೋಯಿತು, 4 ಹೋಯಿತು" ಎಂದು. ತಪ್ಪಲ್ಲ. 2 ಹೋದ ಕೂಡಲೇ 3 ಆಗಿದ್ದುದು 2 ಆಯಿತು, 6 ಆಗಿದ್ದುದು 5 ಆಯಿತು. ಎರಡನೆಯದೂ ಹೋದ ಮೇಲೆ ಆ 5 ಮತ್ತೆ ಸರಿದು 4 ಆಯಿತು. ಈ ಸರಿದಾಟವನ್ನು ಫೋನ್ ಸರಿಯಾಗಿ ಲೆಕ್ಕ ಇಡದಿದ್ದರೆ ನೀವು ಒಂದನ್ನು ಒತ್ತಿದಾಗ ಇನ್ನೊಂದು ಅಳಿಯುತ್ತದೆ. ಅದಕ್ಕೇ ನಿಯಮಾವಳಿಯಲ್ಲಿ ಒಂದು ಕಟ್ಟಪ್ಪಣೆ ಇದೆ: ರೋಲ್ ನಂಬರ್ ಹಿಡಿದು ಮೇಲ್ ಕೇಳುವ, ಗುರುತು ಹಾಕುವ, ಹುಡುಕುವ ಆಜ್ಞೆಗಳಿಗೆ ಉತ್ತರ ಕೊಡುತ್ತಿರುವಾಗ ಸರ್ವರ್ "ಇಂಥದ್ದು ಹೋಯಿತು" ಎಂದು ಹೇಳಕೂಡದು. ಹಾಜರಿ ಕೂಗುವ ಮಧ್ಯೆ ರೋಲ್ ನಂಬರ್ ಬದಲಿಸಿದರೆ ಏನಾದೀತು, ನೀವೇ ಊಹಿಸಿ. ಪಾಪ್‌ನಲ್ಲಿ ಈ ತಲೆನೋವಿಲ್ಲ. ಅಲ್ಲಿ "ಡೆಲೆ 2" ಎಂದರೂ ಆ ಸಲದ ಮಟ್ಟಿಗೆ 3 ಎಂಬುದು 3 ಆಗಿಯೇ ಇರುತ್ತದೆ.

ಒಂದೇ ಏಟಿಗೆ ಅಳಿಸದೆ ಎರಡು ಹಂತ ಯಾಕೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಕೈತಪ್ಪಿಗೆ ರಕ್ಷಣೆ ಎಂಬುದು ಒಂದು ಉತ್ತರ. ಸರ್ವರ್‌ನ ಒಳಗೆ ನೋಡಿದರೆ ಇನ್ನೊಂದು ಸಿಗುತ್ತದೆ. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ ಒಂದು ಫೋಲ್ಡರ್‌ನ ಮೇಲ್‌ಗಳೆಲ್ಲ ಒಂದೇ ಉದ್ದನೆಯ ಫೈಲಿನಲ್ಲಿ ಒಂದರ ಕೆಳಗೊಂದು ಇರುತ್ತಿದ್ದವು. ಈ ಕ್ರಮಕ್ಕೆ ಎಂಬಾಕ್ಸ್ ಎನ್ನುತ್ತಾರೆ. ಮಧ್ಯದ ಒಂದನ್ನು ತೆಗೆಯಬೇಕಾದರೆ ಅದರ ನಂತರದ್ದನ್ನೆಲ್ಲ ಮತ್ತೆ ಬರೆಯಬೇಕು. ಪ್ರತಿ ಮೇಲ್‌ಗೂ ಹೀಗೆ ಮಾಡುವ ಬದಲು ಗುರುತು ಹಾಕುತ್ತ ಹೋಗಿ ಕೊನೆಗೆ ಒಮ್ಮೆ ಬರೆಯುವುದು ಲಾಭ. ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ಮೇಲ್‌ಡಿರ್ ಎಂಬ ಕ್ರಮದಲ್ಲಿ ಪ್ರತಿ ಮೇಲ್‌ಗೂ ಬೇರೆ ಫೈಲ್. ಅಳಿಸಲು ಗುರುತು ಹಾಕಿದಾಗ ಫೈಲಿನ ಹೆಸರಿನ ತುದಿಗೆ "ಟಿ" ಎಂಬ ಅಕ್ಷರ ಸೇರುತ್ತದೆ. ನಮ್ಮ ಲ್ಯಾಬ್‌ನ ಡವ್‌ಕಾಟ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಒಂದು ಯಂತ್ರದಲ್ಲಿ ಡಿಲೀಟ್ ಒತ್ತಿ, ಇನ್ನೊಂದರಲ್ಲಿ ಫೈಲ್ ಹೆಸರು ಬದಲಾಗುವುದನ್ನು ನೋಡಿ.

ಟ್ರ್ಯಾಶ್ ಎಲ್ಲಿಂದ ಬಂತು? ಐಮ್ಯಾಪ್‌ಗೆ ಮೂಲದಲ್ಲಿ ಕಸದ ಬುಟ್ಟಿ ಎಂಬ ಕಲ್ಪನೆಯೇ ಇಲ್ಲ. ಅದು ಪ್ರೋಗ್ರಾಂ ಬರೆದವರು ನಮಗಾಗಿ ಕಟ್ಟಿದ ಏರ್ಪಾಟು. ನೀವು ಡಿಲೀಟ್ ಒತ್ತಿದಾಗ ಪ್ರೋಗ್ರಾಂ ಮೇಲ್‌ನ ಪ್ರತಿಯೊಂದನ್ನು ಟ್ರ್ಯಾಶ್ ಎಂಬ ಇನ್ನೊಂದು ಫೋಲ್ಡರ್‌ಗೆ ಹಾಕಿ, ಮೂಲಕ್ಕೆ ಗೆರೆ ಎಳೆದು, ಕಿತ್ತು ಹಾಕುತ್ತದೆ. ಈ ಮೂರನ್ನೂ ಒಂದೇ ಹೆಜ್ಜೆಯಲ್ಲಿ ಮಾಡುವ "ಮೂವ್" ಆಜ್ಞೆ ಬಂದದ್ದು 2013ರಲ್ಲಿ. ಒಂದು ಯಂತ್ರ ಆ ಫೋಲ್ಡರ್‌ಗೆ "ಟ್ರ್ಯಾಶ್" ಎಂದೂ ಇನ್ನೊಂದು "ಡಿಲೀಟೆಡ್ ಐಟಮ್ಸ್" ಎಂದೂ ಹೆಸರಿಟ್ಟರೆ ಒಂದೇ ಖಾತೆಯಲ್ಲಿ ಎರಡು ಕಸದ ಬುಟ್ಟಿ ಆಗುತ್ತವೆ. ಕಳೆದುಹೋದ ಮೇಲ್ ಹುಡುಕುವಾಗ ಎರಡನ್ನೂ ತೆರೆದು ನೋಡಿ.

ನಿಮ್ಮಲ್ಲಿ ಹೆಚ್ಚಿನವರು ಬಳಸುವುದು ಜಿಮೇಲ್. ಅದು ಪಾಪ್ ಮತ್ತು ಐಮ್ಯಾಪ್ ಎರಡರಲ್ಲೂ ಮಾತನಾಡುತ್ತದೆ, ಆದರೆ ತನ್ನದೇ ಅರ್ಥದಲ್ಲಿ. ಪಾಪ್‌ನಲ್ಲಿ ಮೇಲ್ ಇಳಿಸಿದ ಮೇಲೆ ಜಿಮೇಲ್‌ನ ಪ್ರತಿ ಏನಾಗಬೇಕು (ಇನ್‌ಬಾಕ್ಸ್‌ನಲ್ಲೇ ಇರಬೇಕೆ, ಓದಿದಂತೆ ಗುರುತಾಗಬೇಕೆ, ಆರ್ಕೈವ್‌ಗೆ ಹೋಗಬೇಕೆ, ಅಳಿಯಬೇಕೆ) ಎಂಬುದನ್ನು ಅದರ ಸೆಟ್ಟಿಂಗ್ಸ್‌ನಲ್ಲೇ ಆರಿಸಬೇಕು. ಅಲ್ಲಿ ಫೋಲ್ಡರ್‌ಗಳು ನಿಜವಾದ ಫೋಲ್ಡರ್‌ಗಳಲ್ಲ, ಮೇಲ್‌ಗೆ ಅಂಟಿಸಿದ ಚೀಟಿಗಳು. ಐಮ್ಯಾಪ್ ಮೂಲಕ ಇನ್‌ಬಾಕ್ಸ್‌ನಿಂದ ಕಿತ್ತರೆ ಸಾಮಾನ್ಯವಾಗಿ ಆ ಚೀಟಿ ಮಾತ್ರ ಕಿತ್ತುಬರುತ್ತದೆ, ಮೇಲ್ "ಆಲ್ ಮೇಲ್"ನಲ್ಲಿ ಉಳಿಯುತ್ತದೆ. ಟ್ರ್ಯಾಶ್‌ಗೆ ಹಾಕಿದರೆ 30 ದಿನದ ನಂತರ ಶಾಶ್ವತವಾಗಿ ಹೋಗುತ್ತದೆ.

ಜಾಗದ ಮಾತೂ ಇಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಸಂಗಡಿಗ ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. ಬ್ರೌಸರ್‌ನಲ್ಲೇ ಮೇಲ್ ಓದುವ ಅನುಕೂಲ, ಪ್ರೋಗ್ರಾಂ ಹಾಕಿಸುವ ಗೋಜಿಲ್ಲ. ಅದರಲ್ಲಿ ಉಚಿತವಾಗಿ ಸಿಗುತ್ತಿದ್ದ ಜಾಗ 2 ಎಂಬಿ. ಇವತ್ತಿನ ಫೋನ್‌ನಲ್ಲಿ ತೆಗೆದ ಒಂದೇ ಫೋಟೊ ಅದಕ್ಕಿಂತ ದೊಡ್ಡದಿರಬಹುದು. ಆಗ ಅಳಿಸುವುದು ದಿನದ ಕೆಲಸ. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇನೆ ಎಂದಾಗ, ತಾರೀಖು ನೋಡಿ ಅನೇಕರು ತಮಾಷೆ ಎಂದುಕೊಂಡರು. ಈಗ 15 ಜಿಬಿ. ಆದರೆ ಅದು ಮೇಲ್, ಡ್ರೈವ್ ಮತ್ತು ಫೋಟೊಗಳಿಗೆ ಸೇರಿ. ಅಣ್ಣನ ನಿಕಾಹ್ ವಿಡಿಯೊಗಳು ಬ್ಯಾಕಪ್ ಆಗಿ ಜಾಗ ತುಂಬಿದರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ, ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಸಿಇಟಿ, ನೀಟ್ ಕೌನ್ಸೆಲಿಂಗ್ ಸಮಯದಲ್ಲಿ ಹಾಗಾದರೆ ಕಷ್ಟ. ಟ್ರ್ಯಾಶ್‌ನಲ್ಲಿರುವುದೂ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಖಾಲಿ ಮಾಡಿದ ಮೇಲೆಯೇ ಜಾಗ ಸಿಗುತ್ತದೆ. ಇನ್ನೊಂದು: ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಬಹುದಾದ ಪಟ್ಟಿಗೆ ಸೇರಿಸಿದೆ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಸೈಬರ್ ಸೆಂಟರ್‌ನವರು ಮಾಡಿಕೊಟ್ಟ ಖಾತೆಯ ಪಾಸ್‌ವರ್ಡ್ ಮರೆತವರು ಈ ವಾರವೇ ಅದನ್ನು ಸರಿಮಾಡಿಕೊಳ್ಳಿ. ಆ ಪಾಸ್‌ವರ್ಡ್ ಇನ್ನೂ ಸೆಂಟರ್‌ನವರ ಪುಸ್ತಕದಲ್ಲಿದ್ದರೆ ಬದಲಿಸಿ. ಅನುಮತಿ ಇಲ್ಲದೆ ಇನ್ನೊಬ್ಬರ ಮಾಹಿತಿ ಅಳಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಡಿ ಬರುತ್ತದೆ. ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಕಾನೂನು ಇದ್ದರೂ ಹೋದ ಮೇಲ್ ವಾಪಸ್ ತರಿಸುವುದು ಅದರ ಕೈಲಿಲ್ಲ.

ನಮ್ಮ ಕಚೇರಿಯಲ್ಲಿ ಈಗ ಎಲ್ಲ ಯಂತ್ರಗಳೂ ಐಮ್ಯಾಪ್‌ಗೆ ಬದಲಾಗಿವೆ. ಹಳೆಯ ಕಂಪ್ಯೂಟರ್‌ನಲ್ಲಿದ್ದ ನಾಲ್ಕು ವರ್ಷದ ಮೇಲ್‌ಗಳನ್ನು ಥಂಡರ್‌ಬರ್ಡ್ ಮೂಲಕ ಸರ್ವರ್‌ನ ಒಂದು ಫೋಲ್ಡರ್‌ಗೆ ಏರಿಸಿದೆವು. ಇಡೀ ಮಧ್ಯಾಹ್ನ ಹಿಡಿಯಿತು, ಕರೆಂಟ್ ಎರಡು ಸಲ ಹೋಯಿತು. ಹೀಗೆ ಎಲ್ಲವೂ ಒಂದೇ ಕಡೆ ಇರುವುದರಿಂದ ಐಮ್ಯಾಪ್‌ನಲ್ಲಿ ಒಬ್ಬರ ಕೈತಪ್ಪು ಎಲ್ಲರ ಪರದೆಯಿಂದಲೂ ಮೇಲ್ ಅಳಿಸುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳುವ ಕ್ರಮ ಇಟ್ಟಿದ್ದೇವೆ. ಅದಕ್ಕೆ ಬಳಸುವುದು ಪಾಪ್ ಅನ್ನೇ, "ಸರ್ವರ್‌ನಲ್ಲಿ ಪ್ರತಿ ಉಳಿಸು" ಎಂಬ ಗುರುತು ಹಾಕಿ. ಈ ಗುರುತು ಇದೆಯೇ ಎಂದು ನೋಡುವ ಕೆಲಸ ಪ್ರತಿ ತಿಂಗಳ ಮೊದಲ ಶನಿವಾರ ದ್ವಿತೀಯ ಪಿಯುಸಿ ಕಂಪ್ಯೂಟರ್ ವಿಜ್ಞಾನ ವಿಭಾಗದ ಇಬ್ಬರು ವಿದ್ಯಾರ್ಥಿಗಳದ್ದು.